ಊರಿನ ನಕ್ಷೆಯನ್ನು ಊರಿನ ಕಣ್ಣಲ್ಲಿ ಬರೆಯುವುದು ಹೇಗೆ: ಸರ್ವೆ ಹಾಳೆಯಿಂದ ಕಲಾಕೃತಿಯವರೆಗೆ

1799ರ ಮೇ 4ರಂದು ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದ. ಅದರ ಬೆನ್ನಿಗೇ ಈಸ್ಟ್ ಇಂಡಿಯಾ ಕಂಪನಿ ಮೈಸೂರು ಸೀಮೆಯನ್ನು ಅಳೆಸಲು ಕಾಲಿನ್ ಮೆಕೆಂಜಿಯನ್ನು ನೇಮಿಸಿತು. ಗೆದ್ದ ನಾಡನ್ನು ಕಂಪನಿ, ನಿಜಾಮ, ಮೈಸೂರು ಅರಸರ ನಡುವೆ ಹಂಚಿಯಾಗಿತ್ತು. ಗಡಿ ಯಾವ ಹಳ್ಳದ ಮೇಲೆ ಹಾಯುತ್ತದೆ, ಯಾವ ಸೀಮೆಯಿಂದ ಎಷ್ಟು ಕಂದಾಯ ಹುಟ್ಟುತ್ತದೆ, ಯಾವ ದುರ್ಗದವರೆಗೆ ಫಿರಂಗಿ ಎಳೆದೊಯ್ಯಬಹುದು ಎಂಬುದೆಲ್ಲ ಕಾಗದದ ಮೇಲೆ ಬರಬೇಕಿತ್ತು. ಇವತ್ತು ನಮ್ಮ ಕೈಗೆ ಸಿಗುವ ಟೋಪೋ ಹಾಳೆ (ನೆಲದ ಏರಿಳಿತ ತೋರಿಸುವ ಸರ್ಕಾರಿ ನಕ್ಷೆ), ಗ್ರಾಮ ನಕ್ಷೆಗಳ ಬೇರು ಆ ಕಾಲದ ಅಳತೆಯಲ್ಲಿದೆ. ಅವುಗಳ ಅಳತೆ ಬಹುಮಟ್ಟಿಗೆ ನಿಜ. ಆದರೆ ಅವು ಉತ್ತರ ಕೊಡುವುದು ಅಳೆಸಿದವರ ಪ್ರಶ್ನೆಗಳಿಗೆ. ಊರಿನವರು ಏನು ಕೇಳುತ್ತಿದ್ದರು ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ.

ಆ ಅಳತೆಯ ಎಲುಬುಗೂಡನ್ನು ಉಳಿಸಿಕೊಂಡೇ, ಅದರ ಮೇಲೆ ಊರಿನ ಪ್ರಶ್ನೆ, ಊರಿನ ಹೆಸರು, ಊರಿನ ಬಣ್ಣ ಕೂರಿಸಿ ಕೈಯಲ್ಲಿ ಬರೆದ ಕಲಾನಕ್ಷೆಯೊಂದನ್ನು ಮಾಡುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಬ್ರಿಟಿಷರ ಕಾಲದ ಪದರವನ್ನು ಪೂರ್ತಿ ಅಳಿಸಿ ಅಚ್ಚ ದೇಸಿ ನಕ್ಷೆ ಬರೆಯಬೇಕೆಂಬ ಆಸೆ ಹಲವರಿಗಿರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಅಳತೆ, ಆ ಮುತ್ತಿಗೆ, ಆ ಕಂದಾಯ ಎಲ್ಲವೂ ಈ ನೆಲದ ಮೇಲೇ ನಡೆದವು. ಅದು ನಕ್ಷೆಯಲ್ಲಿ ಕಾಣಬೇಕು. ಯಜಮಾನಿಕೆ ಮಾತ್ರ ಮಾಡಬಾರದು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. 22×30 ಇಂಚಿನ ಇಂಪೀರಿಯಲ್ ಅಳತೆಯ, 300 ಜಿಎಸ್‌ಎಂ ದಪ್ಪದ ಹತ್ತಿ ಕಾಗದ ಒಂದು, ಅಷ್ಟೇ ದೊಡ್ಡ ಟ್ರೇಸಿಂಗ್ ಕಾಗದ ಎರಡು, ಎಚ್‌ಬಿ ಮತ್ತು 2ಎಚ್ ಪೆನ್ಸಿಲು, ನೀರಿಗೆ ಕದಡದ ಕಪ್ಪು ಇಂಕು, ಅದ್ದಿ ಬರೆಯುವ ನಿಬ್ಬು, ಎರಡು ಮೂರು ಕುಂಚ, ಒಂದು ಟಿಪ್ಪಣಿ ಪುಸ್ತಕ. ಇವಕ್ಕಿಂತ ಮುಖ್ಯವಾಗಿ ಬೇಕಾದದ್ದು ನಡೆಯಲು ಪುರುಸೊತ್ತು.

ಹಂತ 1: ನಕ್ಷೆಗೊಂದು ಪ್ರಶ್ನೆ ಗೊತ್ತುಮಾಡಿ

"ನಮ್ಮೂರಿನ ನಕ್ಷೆ" ಎಂದು ಶುರುಮಾಡಿದರೆ ಎಲ್ಲವನ್ನೂ ತುಂಬಲು ಹೋಗಿ ಕೊನೆಗೆ ಸರ್ವೆ ಹಾಳೆಗೆ ಬಣ್ಣ ಬಳಿದಂತಾಗುತ್ತದೆ. ಒಂದೇ ಪ್ರಶ್ನೆ ಹಿಡಿಯಿರಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಜಾತ್ರೆಗೆ ಯಾವ ಯಾವ ಊರಿನವರು ಯಾವ ದಾರಿಯಲ್ಲಿ ಬರುತ್ತಾರೆ? ಕುರಿ ಮೇಯಿಸುವವರಿಗೆ ಈ ನೆಲ ಹೇಗೆ ಕಾಣುತ್ತದೆ? ಮುಳುಗಿಹೋದ ಊರು ಎಲ್ಲಿತ್ತು? ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕನ್ನಂಬಾಡಿ, ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಊರುಗಳು ಹೋದವು. ಅಂಥ ಕಡೆಯವರಿಗೆ ಕೊನೆಯ ಪ್ರಶ್ನೆಗಿಂತ ದೊಡ್ಡದು ಬೇರೆ ಸಿಗದು. ಗೊತ್ತುಮಾಡಿದ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ಮೇಜಿನ ಎದುರಿಗೆ ಅಂಟಿಸಿ. ಮುಂದೆ ಯಾವುದನ್ನು ದೊಡ್ಡದಾಗಿ ಬರೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆ ವಾಕ್ಯವೇ ಹೇಳಿಕೊಡುತ್ತದೆ.

ಹಂತ 2: ಹಾಳೆಗಳನ್ನು ಕೂಡಿಹಾಕಿ

ಮೊದಲನೆಯದು ಗ್ರಾಮ ನಕ್ಷೆ. ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದರೆ ಪಿಡಿಎಫ್ ಇಳಿಸಿಕೊಳ್ಳಬಹುದು. ಸರ್ವೆ ನಂಬರು, ಕೆರೆ, ಹಳ್ಳ, ಬಂಡಿದಾರಿ, ಗೋಮಾಳ, ಗುಂಡುತೋಪು, ಗಡಿಯ ಬಾಂದುಕಲ್ಲು ಎಲ್ಲ ಇದರಲ್ಲಿರುತ್ತವೆ. ಎರಡನೆಯದು ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಟೋಪೋ ಹಾಳೆ. ಅದರ ಸಾರ್ವಜನಿಕ ಸರಣಿಯನ್ನು ನೋಂದಣಿ ಮಾಡಿಕೊಂಡು ಇಲಾಖೆಯ ತಾಣದಿಂದಲೇ ಪಡೆಯಬಹುದು. ಬೆಟ್ಟಗಳ ಎತ್ತರ, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು ಬೇಕಾದರೆ ಇದೇ ಗತಿ.

ಮೂರನೆಯದು ಹಳೆಯ ನಕ್ಷೆಗಳು. ಮೈಸೂರು ಯುದ್ಧಗಳ ಕಾಲದ ದಂಡಯಾತ್ರೆಯ, ಮುತ್ತಿಗೆಯ ನಕ್ಷೆಗಳು, ಆಮೇಲಿನ ಜಿಲ್ಲಾ ನಕ್ಷೆಗಳು ದೊಡ್ಡ ಗ್ರಂಥಾಲಯಗಳ ಡಿಜಿಟಲ್ ಸಂಗ್ರಹಗಳಲ್ಲಿ ಸಾಕಷ್ಟು ಸಿಗುತ್ತವೆ. ಹುಡುಕುವಾಗ ಇಂದಿನ ಹೆಸರು ನಂಬಬೇಡಿ. ಶ್ರೀರಂಗಪಟ್ಟಣ ಅಲ್ಲಿ ಸೆರಿಂಗಪಟಂ, ಚಿತ್ರದುರ್ಗ ಚಿಟಲ್‌ಡ್ರೂಗ್, ಸಾವನದುರ್ಗ ಸವೆನ್‌ಡ್ರೂಗ್, ಮಡಿಕೇರಿ ಮರ್ಕಾರಾ. ಇಂಗ್ಲಿಷಿನಲ್ಲಿ ಇವನ್ನು ನಾಲ್ಕಾರು ಬಗೆಯಲ್ಲಿ ಬರೆದಿದ್ದಾರೆ, ಎಲ್ಲವನ್ನೂ ಹಾಕಿ ನೋಡಿ.

ಇವೆಲ್ಲಕ್ಕೂ ಜೊತೆಯಾಗಿ ಎರಡು ಅಕ್ಷರದ ಆಕರಗಳು. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಜೋಡಣೆಯಾಗಿವೆ. ನಿಮ್ಮೂರಿನದೊಂದು ಇದ್ದರೂ ಇರಬಹುದು. ಮೆಕೆಂಜಿಯ ಸಹಾಯಕರು ಊರೂರು ತಿರುಗಿ ಬರೆಸಿಕೊಂಡ ಕೈಫಿಯತ್ತುಗಳಲ್ಲಿ (ಊರಿನ ಚರಿತ್ರೆ, ವಿವರಗಳ ಬರಹ) ಕನ್ನಡದವನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಜಿಲ್ಲಾ ಗ್ರಂಥಾಲಯದಲ್ಲಿ ವಿಚಾರಿಸಿ.

ಹಂತ 3: ಹಳೆಯ ನಕ್ಷೆಯನ್ನು ಬಿಡಿಸಿ ಓದಿ

ಅವಸರದಲ್ಲಿ ಹಲವರು ಹಾರಿಸಿಬಿಡುವ ಹಂತ ಇದು. ನಕ್ಷೆಯನ್ನು ಚಿತ್ರದಂತೆ ಓದುವುದು ಗೊತ್ತಿಲ್ಲದವರು ಚಿತ್ರದಂಥ ನಕ್ಷೆ ಬರೆಯಲಾರರು.

ಅಂಚಿನ ಅಲಂಕಾರದಿಂದ ಶುರುಮಾಡಿ. ಕಂಪನಿಯ ಸರ್ವೆಯರ್ ಆಗಿದ್ದ ಜೇಮ್ಸ್ ರೆನೆಲ್ 1782ರಲ್ಲಿ ಹೊರತಂದ ಹಿಂದೂಸ್ತಾನದ ನಕ್ಷೆಯ ಶೀರ್ಷಿಕೆಯ ಬಳಿ ಒಂದು ಚಿತ್ರವಿದೆ: ಬ್ರಾಹ್ಮಣ ಪಂಡಿತರು ಬ್ರಿಟನ್ನನ್ನೇ ಹೆಣ್ಣಾಗಿ ಬರೆದ ಬ್ರಿಟಾನಿಯಾ ದೇವಿಯ ಕೈಗೆ ಶಾಸ್ತ್ರಗ್ರಂಥಗಳನ್ನು ಒಪ್ಪಿಸುತ್ತಿದ್ದಾರೆ. ನದಿ, ಊರು, ದಾರಿಗಳನ್ನು ಅಷ್ಟು ಶ್ರಮವಹಿಸಿ ಗುರುತಿಸಿದ ಹಾಳೆ, ಅದನ್ನೆಲ್ಲ ಯಾರು ಯಾರಿಗೆ ಒಪ್ಪಿಸಿದರು ಎಂಬ ಕತೆಯನ್ನು ಮೂಲೆಯಲ್ಲಿ ಹೀಗೆ ಕಟ್ಟಿದೆ. ಹಾಗೆ ಒಪ್ಪಿಸಿದವರು ಯಾರೂ ಇರಲಿಲ್ಲ. ಇದನ್ನು ನೆನಪಿಡಿ, ಎಂಟನೆಯ ಹಂತದಲ್ಲಿ ನಿಮ್ಮ ನಕ್ಷೆಯ ಮೂಲೆಗೂ ಒಂದು ಚಿತ್ರ ಬೇಕಾಗುತ್ತದೆ.

ಆಮೇಲೆ ಒಳಗಿನದು. ಶ್ರೀರಂಗಪಟ್ಟಣದ 1799ರ ಮುತ್ತಿಗೆಯ ನಕ್ಷೆಯೊಂದನ್ನು ಪರದೆಯ ಮೇಲೆ ತೆರೆದು ದೊಡ್ಡದು ಮಾಡಿ. ಆ ಸೈನ್ಯದೊಂದಿಗಿದ್ದ ಅಲೆಕ್ಸಾಂಡರ್ ಬೀಟ್ಸನ್ ಮರುವರ್ಷವೇ ಪ್ರಕಟಿಸಿದ ವೃತ್ತಾಂತದಲ್ಲಿ ಇಂಥವು ಇವೆ. ಕೋಟೆಯ ಗೋಡೆಯ ಒಂದೊಂದು ಮಡಿಕೆಯೂ ಅಚ್ಚುಕಟ್ಟು. ಗೋಡೆ ಒಡೆದ ವಾಯವ್ಯ ಮೂಲೆಯತ್ತ ಫಿರಂಗಿ ಸಾಲುಗಳಿಂದ ಗೆರೆಗಳು ಓಡುತ್ತವೆ. ಗೋಡೆಯೊಳಗೇ ಇರುವ ರಂಗನಾಥನ ಗುಡಿ ಮಾತ್ರ ಕಟ್ಟಡಗಳಲ್ಲಿ ಒಂದು ಕಟ್ಟಡ, ಅಷ್ಟೇ. ಪಶ್ಚಿಮವಾಹಿನಿಯಲ್ಲಿ ಜನ ಪಿತೃಗಳ ಅಸ್ಥಿ ಬಿಡುತ್ತಾರೆ ಎಂಬುದು ಆ ಹಾಳೆಗೆ ಬೇಕಿಲ್ಲ. ಹೊಳೆ ಎಲ್ಲಿ ದಾಟಲು ಬರುತ್ತದೆ ಎಂಬುದು ಬೇಕು.

ಸುಲ್ತಾನಪೇಟೆ ತೋಪನ್ನು ಹುಡುಕಿ. ಏಪ್ರಿಲ್ 5ರ ರಾತ್ರಿ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಆದವನು, ಈ ತೋಪಿನ ಮೇಲೆ ದಾಳಿಗೆ ಹೋಗಿ ಕತ್ತಲಲ್ಲಿ ದಿಕ್ಕು ತಪ್ಪಿ ಹಿಂದೆ ಸರಿದ. ಮಾರನೆಯ ದಿನ ಬೆಳಕಿನಲ್ಲಿ ಅದನ್ನು ಹಿಡಿದ. ತೋಪಿನೊಳಗೆ ನೀರಿನ ಕಾಲುವೆಗಳು ಹಾದುಹೋಗಿದ್ದವು. ಮರ ನೆಟ್ಟವರಿಗೆ ಆ ಕಾಲುವೆ ನೀರು ಹಾಯಿಸುವ ದಾರಿ. ಸಿಪಾಯಿಗೆ ಅದು ಗುಂಡಿನಿಂದ ಮರೆ. ನಕ್ಷೆಯಲ್ಲಿ ಉಳಿದದ್ದು ಸಿಪಾಯಿಯ ಕಾಲುವೆ. ಅದನ್ನು ಯಾವ ವಾರ ಯಾರ ಸರದಿಗೆ ಬಿಡುತ್ತಿದ್ದರು, ಯಾವ ಮರ ಯಾರದು ಎಂಬ ಒಂದು ಅಕ್ಷರವೂ ಇಲ್ಲ. ಗೆರೆ ಒಂದೇ, ಕೇಳಿದ ಪ್ರಶ್ನೆ ಬೇರೆ.

ಹೀಗೆ ಓದುತ್ತಾ ನಿಮ್ಮ ಹಾಳೆಯ ಬಗ್ಗೆ ಬರೆದುಕೊಳ್ಳಿ: ಇದಕ್ಕೆ ದುಡ್ಡು ಕೊಟ್ಟವರು ಯಾರು? ಯಾವುದು ಅಳತೆಗಿಂತ ದಪ್ಪವಾಗಿದೆ? ಎಲ್ಲಿ ಖಾಲಿ ಬಿಟ್ಟಿದ್ದಾರೆ, ಆ ಜಾಗದಲ್ಲಿ ನಿಜಕ್ಕೂ ಏನಿದೆ? ಯಾವ ಹೆಸರು ಹೊರಗಿನವರದು? ಶ್ರೀರಂಗಪಟ್ಟಣದ ಉತ್ತರಕ್ಕಿರುವ ಪಾಂಡವಪುರ ಹಳೆಯ ಬ್ರಿಟಿಷ್ ಹಾಳೆಗಳಲ್ಲಿ ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪು ಅವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬಿಡಾರ ಹೂಡಿದ್ದರಿಂದ ಬಂದ ಹೆಸರು. ಊರಿನವರಿಗೆ ಅದು ಹಿರೋಡೆ ಆಗಿತ್ತು. ಒಂದೇ ಊರಿಗೆ ಮೂರು ಹೆಸರು, ಮೂರಕ್ಕೂ ಮೂರು ಕಾಲ. ನಿಮ್ಮ ನಕ್ಷೆಯಲ್ಲಿ ಇಂಥದ್ದು ಸಿಕ್ಕರೆ ಬಿಡಬೇಡಿ.

ಹಂತ 4: ನಡೆಯಿರಿ, ಕೇಳಿ

ಗ್ರಾಮ ನಕ್ಷೆಯ ಒಂದು ಜೆರಾಕ್ಸ್ ಪ್ರತಿ ಹಿಡಿದು ಹೊರಡಿ. ಮೊದಲು ಒಬ್ಬರೇ ನಡೆದು ಕಣ್ಣಿಗೆ ಕಂಡದ್ದನ್ನು ಗುರುತುಮಾಡಿ. ಆಮೇಲೆ ಬಲ್ಲವರ ಜೊತೆ ನಡೆಯಿರಿ. ನೀರಿನ ವಿಷಯಕ್ಕೆ ನೀರುಗಂಟಿಯ ಕೆಲಸ ಮಾಡಿದವರ ಮನೆತನ, ಗುಡ್ಡದ ವಿಷಯಕ್ಕೆ ಕುರಿ, ದನ ಕಾಯುವವರು, ಗಡಿಯ ವಿಷಯಕ್ಕೆ ಹಳೆಯ ತಳವಾರ, ತೋಟಿ ಮನೆತನದವರು. ಸೌದೆಗೆ, ಸೊಪ್ಪಿಗೆ ಹೋಗುತ್ತಿದ್ದ ಅಜ್ಜಿಯಂದಿರಿಗೆ ತಿಳಿದಷ್ಟು ಕಾಲುದಾರಿ ಬೇರೆ ಯಾರಿಗೂ ತಿಳಿದಿರುವುದಿಲ್ಲ. ಗಂಡಸರನ್ನಷ್ಟೇ ಕೇಳಿ ಮಾಡಿದ ನಕ್ಷೆಯಲ್ಲಿ ಬಾವಿಗಿಂತ ಹೋಟೆಲು ಎದ್ದು ಕಾಣುತ್ತದೆ.

ಸರ್ವೆ ನಂಬರಿನ ಪಕ್ಕ ಹೊಲದ ಹೆಸರು ಬರೆದುಕೊಳ್ಳಿ: ಕೆರೆಹಿಂದಿನ ಗದ್ದೆ, ಮೂಡಲಹೊಲ, ಕಲ್ಲುಬಾರೆ, ಹುಣಸೆಮರದ ಹೊಲ. ಹುಣಸೆಮರ ಹೋಗಿ ಎಷ್ಟೋ ಕಾಲವಾಗಿರಬಹುದು, ಹೆಸರು ಇನ್ನೂ ಅದನ್ನು ನೆಟ್ಟುಕೊಂಡಿರುತ್ತದೆ. ಅದನ್ನು ನಕ್ಷೆಯಲ್ಲಿ ಮರವಾಗಿಯೇ ಬರೆಯಿರಿ, ಬರೀ ಹೊರಗೆರೆಯಲ್ಲಿ.

"ನಿಮ್ಮ ಹೊಲದ ಚಕ್ಕುಬಂದಿ ಹೇಳಿ" ಎಂದು ಕೇಳಿ ನೋಡಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಬೆಟ್ಟದ ತಪ್ಪಲು ಎಂದು ಓದು ಬಾರದವರೂ ಗಡಗಡನೆ ಹೇಳುತ್ತಾರೆ. ಈ ಕ್ರಮ ಬ್ರಿಟಿಷರಿಗಿಂತ ಬಹಳ ಹಳೆಯದು. ದಾನಶಾಸನಗಳಲ್ಲಿ ಕೊಟ್ಟ ಭೂಮಿಯ ಚತುಸ್ಸೀಮೆಯನ್ನು ಹೀಗೆಯೇ ದಿಕ್ಕು ದಿಕ್ಕಿಗೆ ಮರ, ಗುಂಡು, ಕೆರೆ, ಹುತ್ತ ಹೇಳುತ್ತಾ ಕೆತ್ತಿದ್ದಾರೆ. ಗಡಿಯಲ್ಲಿ ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲು, ಜೈನ ಬಸದಿಯ ಭೂಮಿಯಾದರೆ ಮುಕ್ಕೊಡೆಯ ಕಲ್ಲು ನಿಲ್ಲಿಸಿದ್ದಾರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡನ್ನು ಕಾವೇರಿ ಗೋದಾವರಿಗಳ ನಡುವೆ ಇಟ್ಟು, ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ ನೆಲೆಯನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸಿತು. ನಮ್ಮಲ್ಲಿ ನಕ್ಷೆ ಇರಲಿಲ್ಲ ಎನ್ನುವವರಿಗೆ ಇದನ್ನು ತೋರಿಸಿ. ಇತ್ತು, ಮಾತಿನಲ್ಲಿತ್ತು, ಕಲ್ಲಿನಲ್ಲಿತ್ತು. ಶಾಸನದ ಸೀಮೆಯನ್ನು ಓದುತ್ತಾ ಅದೇ ದಿಕ್ಕು ಹಿಡಿದು ನಡೆಯುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ಸಾವಿರ ವರ್ಷದ ಹಿಂದಿನ ಕೆರೆಯ ಕೋಡಿ ಇವತ್ತೂ ಅಲ್ಲೇ ಇದ್ದರೆ ಮೈ ಜುಮ್ಮೆನ್ನುತ್ತದೆ.

ಇಲ್ಲಿ ಎಚ್ಚರಿಕೆಯ ಮಾತೊಂದು ಇದೆ, ಗಟ್ಟಿಯಾಗಿ ಹೇಳುತ್ತೇನೆ. ತಿಳಿದದ್ದನ್ನೆಲ್ಲ ನಕ್ಷೆಗೆ ಇಳಿಸಬಾರದು. ಕಾಡಿನೊಳಗಿನ ವೀರಗಲ್ಲು, ಹಾಳುಗುಡಿಗಳ ನಿಖರ ಜಾಗ ಬರೆದರೆ ನಿಧಿಗಳ್ಳರಿಗೆ ದಾರಿ ತೋರಿಸಿದಂತೆ. ದೇವರಕಾಡಿನೊಳಗೆ ಹೊರಗಿನವರು ಕಾಲಿಡಬಾರದೆಂಬ ಕಟ್ಟಿದ್ದರೆ ಒಳಗಿನದನ್ನು ಬರೆಯಬೇಡಿ, ಹಸಿರು ಬಳಿದು ಬಿಡಿ. ಕೇರಿಗಳ ಹೆಸರುಗಳಲ್ಲಿ ಜಾತಿಯ ಅವಮಾನ ಅಂಟಿಕೊಂಡಿರುವುದುಂಟು. ಆ ಕೇರಿಯ ಜನ ತಮ್ಮ ಜಾಗವನ್ನು ಏನೆಂದು ಕರೆಯುತ್ತಾರೋ ಅದನ್ನೇ ಬರೆಯಿರಿ, ಉಳಿದವರು ಕರೆಯುವುದನ್ನಲ್ಲ. ಸರ್ವೆಯವರು ಕೇಳದೆ ಬರೆದರು. ನೀವು ಕೇಳಿ ಬರೆಯಿರಿ.

ಹಂತ 5: ಎಲುಬುಗೂಡು ಹಾಕಿ

ಗ್ರಾಮ ನಕ್ಷೆಗಳ ಪ್ರಮಾಣ ಸಾಮಾನ್ಯವಾಗಿ 1:7,920. ಅಂದರೆ ಕಾಗದದ ಒಂದು ಇಂಚಿಗೆ ನೆಲದ 660 ಅಡಿ. ಈ ವಿಚಿತ್ರ ಸಂಖ್ಯೆ ಬಂದದ್ದು ಸರಪಳಿಯಿಂದ: ನಮ್ಮ ಕಡೆಯ ಸರ್ವೆ ಸರಪಳಿ 33 ಅಡಿ, ಅದರಲ್ಲಿ 16 ಆಣೆ, 20 ಸರಪಳಿ ಸೇರಿದರೆ 660 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ 1,089 ಚದರಡಿಯ ಒಂದು ಗುಂಟೆ. ಅಂಥ 40 ಗುಂಟೆಗೆ ಎಕರೆ. ರೈತರ ಬಾಯಲ್ಲಿ ದಿನವೂ ಬರುವ ಗುಂಟೆಯಲ್ಲಿ ಆ ಕಬ್ಬಿಣದ ಸರಪಳಿ ಇನ್ನೂ ಇದೆ. ನಕ್ಷೆಯ ಅಳತೆಪಟ್ಟಿಯನ್ನು ಕಿಲೋಮೀಟರಿನ ಬದಲು ಸರಪಳಿಯ ಕೊಂಡಿಗಳ ಚಿತ್ರವಾಗಿ ಬರೆದರೆ ಆ ಚರಿತ್ರೆ ತಾನಾಗಿ ಕಾಣುತ್ತದೆ.

ಅದೇ ಪ್ರಮಾಣ ಇಟ್ಟುಕೊಂಡರೆ 30 ಇಂಚಿನ ಬದಿಯಲ್ಲಿ ಸುಮಾರು 6 ಕಿಲೋಮೀಟರು, 22 ಇಂಚಿನ ಬದಿಯಲ್ಲಿ 4.4 ಕಿಲೋಮೀಟರು ಹಿಡಿಸುತ್ತದೆ. ಒಂದು ಗ್ರಾಮಕ್ಕೆ ಧಾರಾಳ. ಪಿಡಿಎಫ್ ಅನ್ನು ಹಿಗ್ಗಿಸದೆ ಕುಗ್ಗಿಸದೆ ಮುದ್ರಿಸಿ, ಅದರ ಅಳತೆಪಟ್ಟಿಗೆ ರೂಲರ್ ಹಿಡಿದು ತಾಳೆನೋಡಿ, ಕಿಟಕಿಯ ಗಾಜಿಗೆ ಅಂಟಿಸಿ ಟ್ರೇಸ್ ಮಾಡಿ. ಕೆರೆ, ಹಳ್ಳ, ದಾರಿ, ಊರಿನ ಹೊರಗೆರೆ, ಗಡಿಯ ಬಾಂದುಕಲ್ಲುಗಳು ಸಾಕು. ಸರ್ವೆ ನಂಬರಿನ ಗೆರೆಗಳನ್ನು ಎರಡನೆಯ ಟ್ರೇಸಿಂಗ್ ಕಾಗದಕ್ಕೆ ಪ್ರತ್ಯೇಕವಾಗಿ ತೆಗೆದು ಎತ್ತಿಡಿ, ಅದು ಆಮೇಲೆ ಬೇಕು. ಟೋಪೋ ಹಾಳೆಯಿಂದ ಬೆಟ್ಟದ ರೇಖೆಗಳನ್ನು ತರಲು ಚೌಕಳಿ ಹಾಕಿ: ಅಲ್ಲಿನ 2 ಸೆಂಟಿಮೀಟರಿನ ಚೌಕ ಒಂದು ಕಿಲೋಮೀಟರು, ನಿಮ್ಮ ಹಾಳೆಯಲ್ಲಿ ಅದು 12.6 ಸೆಂಟಿಮೀಟರು. ಚೌಕ ಚೌಕವಾಗಿ ಕಣ್ಣಳತೆಯಲ್ಲಿ ದಾಟಿಸಿ.

ಈಗ ಒಂದು ತೀರ್ಮಾನ: ಮೇಲೆ ಯಾವ ದಿಕ್ಕು? ಉತ್ತರ ಮೇಲಿರಬೇಕೆಂಬ ಕಟ್ಟುಪಾಡೇನೂ ಇಲ್ಲ. ನೀರಿನ ನಕ್ಷೆಯಾದರೆ ಹಳ್ಳ ಹುಟ್ಟುವ ಕಡೆ ಮೇಲಿರಲಿ, ಆಗ ನೋಡುವವರ ಕಣ್ಣೂ ನೀರಿನ ಜೊತೆ ಇಳಿಯುತ್ತದೆ. ಜಾತ್ರೆಯದಾದರೆ ಗುಡಿಯ ಬಾಗಿಲು ನೋಡುವ ದಿಕ್ಕನ್ನು ಮೇಲಿಡಿ. ಉತ್ತರದ ಬಾಣವನ್ನು ಎಲ್ಲಿದ್ದರೂ ಹಾಕಿ, ತಾಳೆ ನೋಡುವವರಿಗೆ ಬೇಕು.

ಹಂತ 6: ಬೆಟ್ಟ, ಕೆರೆ, ಮರ

ಬೆಟ್ಟ ತೋರಿಸಲು ಮೂರು ದಾರಿಗಳಿವೆ. ಟೋಪೋ ಹಾಳೆಯ ಸಮೋನ್ನತಿ ರೇಖೆ ನಿಖರ, ಆದರೆ ಹೃದಯಕ್ಕೆ ತಾಕುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ನಕ್ಷೆಗಾರರು ಇಳಿಜಾರಿನ ಗೆರೆಗಳಿಂದ ಬೆಟ್ಟ ಎಬ್ಬಿಸುತ್ತಿದ್ದರು, ಅದು ಅವರಿಂದ ಕಲಿಯಲೇಬೇಕಾದ ಕೈಚಳಕ. ಕ್ರಮ ಹೀಗೆ: ಸಮೋನ್ನತಿ ರೇಖೆಗಳನ್ನು 2ಎಚ್ ಪೆನ್ಸಿಲಿನಲ್ಲಿ ತೆಳ್ಳಗೆ ಹಾಕಿಕೊಳ್ಳಿ. ನಿಬ್ಬನ್ನು ಮೇಲಿನ ರೇಖೆಯ ಮೇಲೆ ಊರಿ, ಮಳೆನೀರು ಇಳಿಯುವ ದಿಕ್ಕಿಗೆ ಎಳೆದು, ಕೆಳಗಿನ ರೇಖೆ ಮುಟ್ಟುವ ಮೊದಲೇ ಎತ್ತಿ. ಪಕ್ಕದಲ್ಲಿ ಇನ್ನೊಂದು. ರೇಖೆಗಳು ಒತ್ತೊತ್ತಾಗಿರುವ ಕಡಿದಾದ ಕಡೆ ಗೆರೆ ಗಿಡ್ಡ, ದಪ್ಪ, ಒತ್ತೊತ್ತು. ಇಳಿಜಾರು ಸಾಧಾರಣವಾದಲ್ಲಿ ಉದ್ದ, ತೆಳು, ದೂರ ದೂರ. ಸಮತಟ್ಟಿಗೆ ಗೆರೆಯೇ ಬೇಡ. ಕೆಳಗಿನ ಸಾಲಿನ ಗೆರೆಗಳು ಮೇಲಿನ ಸಾಲಿನ ಸಂದುಗಳಲ್ಲಿ ಬರಲಿ, ಇಲ್ಲದಿದ್ದರೆ ಬೆಟ್ಟ ಜಡೆ ಹೆಣೆದಂತೆ ಕಾಣುತ್ತದೆ. ಕೊನೆಗೆ ಪೆನ್ಸಿಲು ಅಳಿಸಿ. ಮಧುಗಿರಿ, ಸಾವನದುರ್ಗದಂಥ ಬೋಳು ಹೆಬ್ಬಂಡೆಗಳಿಗೆ ಇದು ಹೇಳಿಮಾಡಿಸಿದ್ದು: ನೆತ್ತಿಯ ಮೇಲೆ ಬಿಳಿ ಕಾಗದ ಹಾಗೇ ಉಳಿದು, ಸುತ್ತ ಗೆರೆಗಳು ಕಪ್ಪುಗಟ್ಟಿದಾಗ ಬಂಡೆ ಹಾಳೆಯಿಂದ ಏಳುತ್ತದೆ.

ಮೂರನೆಯ ದಾರಿ ನಮ್ಮ ಭಿತ್ತಿಚಿತ್ರಗಳದ್ದು. ಅಲ್ಲಿ ನೆಲವನ್ನು ಮೇಲಿನಿಂದ, ಬೆಟ್ಟ, ಗುಡಿ, ಮನುಷ್ಯರನ್ನು ಎದುರಿನಿಂದ ಒಂದೇ ಚಿತ್ರದಲ್ಲಿ ತೋರಿಸುತ್ತಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರವನ್ನು ಒಂದು ಗಂಟೆ ನಿಂತು ನೋಡಿ. 1780ರ ಆ ಯುದ್ಧದಲ್ಲಿ ಮೈಸೂರಿನವರು ಕಂಪನಿಯ ಸೈನ್ಯವನ್ನು ಸೋಲಿಸಿದರು. ಗೆದ್ದವರ ಸಾಲುಗಳು ಗೋಡೆಯುದ್ದಕ್ಕೂ ನಡೆಯುತ್ತವೆ, ಸೋತವರು ಚೌಕ ಕಟ್ಟಿ ನಡುವೆ ಸಿಕ್ಕಿಬಿದ್ದಿದ್ದಾರೆ. ದೂರದವರು ಚಿಕ್ಕವರಾಗುವುದಿಲ್ಲ, ಮುಖ್ಯರಾದವರು ದೊಡ್ಡವರಾಗುತ್ತಾರೆ. ಈ ನಿಯಮವನ್ನೇ ನಿಮ್ಮ ಊರಿನ ಬೆಟ್ಟಕ್ಕೆ ಹಾಕಿ: ಊರಬಾಗಿಲಲ್ಲಿ ನಿಂತರೆ ಬೆಟ್ಟದ ಆಕಾರ ಹೇಗೆ ಕಾಣುತ್ತದೋ ಹಾಗೆ ನಿಲ್ಲಿಸಿ ಬರೆಯಿರಿ. ಆ ನೆತ್ತಿಯ ಮೇಲೆ ಟೋಪೋ ಹಾಳೆಯಲ್ಲಿ ತ್ರಿಕೋನದ ಗುರುತಿದ್ದರೆ ಅದನ್ನೂ ಹಾಕಿ. ಸರ್ವೆಯರ್ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನಲ್ಲಿ ಆಧಾರರೇಖೆ (ತ್ರಿಕೋನಗಳ ಲೆಕ್ಕಕ್ಕೆಲ್ಲ ತಳಹದಿಯಾಗುವ ಗೆರೆ) ಅಳೆದು, 1802ರಲ್ಲಿ ಮದರಾಸಿನಿಂದ ಮೊದಲುಮಾಡಿದ ತ್ರಿಕೋನಮಿತಿ ಸರ್ವೆಯ ಪರಂಪರೆಯ ಗುರುತು ಅದು. ಬೆಟ್ಟದ ದೇವರು, ಸರ್ವೆಯ ತ್ರಿಕೋನ ಎರಡೂ ಅಕ್ಕಪಕ್ಕದಲ್ಲಿರಲಿ.

ನಾನು ಈ ಎರಡು ಬಗೆಯನ್ನೂ ಒಂದೇ ಹಾಳೆಯಲ್ಲಿ ಬೆರೆಸುತ್ತೇನೆ. ದೂರದ ಗುಡ್ಡಸಾಲು ಇಳಿಜಾರಿನ ಗೆರೆಗಳಲ್ಲಿ, ಊರಿನ ಬೆಟ್ಟ ಎದುರುನೋಟದಲ್ಲಿ.

ಕೆರೆಯನ್ನು ನೀಲಿ ಮಚ್ಚೆ ಮಾಡಿ ಮುಗಿಸಬೇಡಿ. ಏರಿ, ತೂಬು, ಕೋಡಿ, ಕೆರೆಯಂಗಳ, ಅಚ್ಚುಕಟ್ಟು ಇಷ್ಟೂ ಬರಲಿ. ಬೇಸಿಗೆಯ ನೀರಿನಂಚನ್ನು ಗಟ್ಟಿ ಗೆರೆಯಲ್ಲಿ, ಕೋಡಿ ಬಿದ್ದಾಗಿನ ಅಂಚನ್ನು ಚುಕ್ಕಿಗೆರೆಯಲ್ಲಿ ಹಾಕಿದರೆ ಎರಡು ಕಾಲ ಒಂದೇ ಕಡೆ ಕಾಣುತ್ತವೆ. ಮರಗಳು ಜಾತಿ ಗುರುತಾಗುವಂತಿರಲಿ. ಆಲಕ್ಕೆ ಬಿಳಲು, ಈಚಲಿಗೆ ಕೆದರಿದ ತಲೆ, ಹೊಂಗೆಗೆ ದುಂಡು ಕೊಡೆ.

ಹಂತ 7: ಬಣ್ಣ

ಅಂಗಡಿಯ ಜಲವರ್ಣ ಸಾಕು. ಆದರೆ ನೆಲದ ಚಿತ್ರಕ್ಕೆ ಆ ನೆಲದ ಮಣ್ಣೇ ಬಣ್ಣವಾದರೆ ಅದರ ಸೊಗಸು ಬೇರೆ. ಕೆಮ್ಮಣ್ಣನ್ನು ಕುಟ್ಟಿ, ಜರಡಿ ಹಿಡಿದು, ನೀರಿನಲ್ಲಿ ಕದಡಿ. ಕ್ಷಣ ಬಿಟ್ಟರೆ ಮರಳು ತಳಕ್ಕಿಳಿಯುತ್ತದೆ, ಕೆಂಪುನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಎರಡು ಮೂರು ಸಲ ಹೀಗೆ ಮಾಡಿ, ಕೊನೆಯ ನೀರನ್ನು ಅಲುಗಿಸದೆ ಒಂದು ದಿನ ಬಿಟ್ಟರೆ ತಳದಲ್ಲಿ ನುಣ್ಣನೆಯ ಗಸಿ ನಿಲ್ಲುತ್ತದೆ. ಅದನ್ನು ಒಣಗಿಸಿ ಪುಡಿಮಾಡಿ. ರಾತ್ರಿ ನೆನೆಸಿ ಬಟ್ಟೆಯಲ್ಲಿ ಸೋಸಿದ ಜಾಲಿ ಗೋಂದಿನ ನೀರಿನಲ್ಲಿ ಅದನ್ನು ಅರೆದರೆ ಬಣ್ಣ ಸಿದ್ಧ. ಬೇರೆ ಕಾಗದದಲ್ಲಿ ಬಳಿದು ಒಣಗಿಸಿ ಬೆರಳಿನಿಂದ ಉಜ್ಜಿ: ಪುಡಿ ಉದುರಿದರೆ ಗೋಂದು ಕಡಿಮೆ, ಬಿರುಕು ಬಿಟ್ಟರೆ ಹೆಚ್ಚು. ಕಪ್ಪಿಗೆ ದೀಪದ ಕಾಡಿಗೆ ಆಗುತ್ತದೆ. ಅರಿಸಿನದ ಹಳದಿ ಬಿಸಿಲಿಗೆ ಬೇಗ ಹಾರುತ್ತದೆ, ನೆಚ್ಚಬೇಡಿ. ಹಳದಿಮಣ್ಣು ಸಿಕ್ಕರೆ ಅದು ನಿಲ್ಲುತ್ತದೆ.

ಮಲೆನಾಡಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಅಕ್ಕಿಯ ಬಿಳಿ, ಕೆಮ್ಮಣ್ಣು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಬಳಸಿ ಪುಂಡಿ ನಾರಿನ ಕುಂಚದಲ್ಲಿ ಎಳೆ ಎಳೆಯುತ್ತಾರೆ. ಆ ಕುಂಚದ ನೇರ ಎಳೆ ಕಾಲುವೆ, ಬದುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಅವರ ಚಿತ್ತಾರಗಳನ್ನೇ ಎತ್ತಿ ಅಂಚಿಗೆ ಅಂಟಿಸಿಕೊಳ್ಳುವುದು ಸರಿಯಲ್ಲ. ಅದು ಮದುವೆಗೆ, ಮನೆಯ ಗೋಡೆಗೆ ಸೇರಿದ ಜೀವಂತ ಕಲೆ. ಬೇಕೆನಿಸಿದರೆ ಬಲ್ಲವರಿಂದಲೇ ಬರೆಸಿ, ಸಂಭಾವನೆ ಕೊಡಿ, ಹೆಸರು ಹಾಕಿ.

ಬಣ್ಣ ಮೂರು ನಾಲ್ಕಕ್ಕೆ ನಿಲ್ಲಲಿ.

ಹಂತ 8: ಹೆಸರು, ಮೇಲುಹಾಳೆ, ಮೂಲೆಯ ಚಿತ್ರ

ಊರಿನವರು ಹೇಳಿದ ಹೆಸರುಗಳನ್ನು ಮುಖ್ಯ ಹಾಳೆಯಲ್ಲಿ ಕಪ್ಪು ಇಂಕಿನಲ್ಲಿ ಬರೆಯಿರಿ. ಆಡುಮಾತಿನ ರೂಪವನ್ನು ತಿದ್ದಲು ಹೋಗಬೇಡಿ. ಹಳ್ಳದ ಹೆಸರು ಹಳ್ಳದ ಜೊತೆ ಬಾಗಲಿ, ಬೆಟ್ಟದ್ದು ಬುಡದಲ್ಲಿ ಕೂರಲಿ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕು, ಮೊದಲು ಪೆನ್ಸಿಲಿನಲ್ಲಿ ಹಾಕಿ ನೋಡಿ.

ಎತ್ತಿಟ್ಟ ಎರಡನೆಯ ಟ್ರೇಸಿಂಗ್ ಕಾಗದ ಈಗ ಬರಲಿ. ಸರ್ವೆ ನಂಬರುಗಳು, ಬ್ರಿಟಿಷ್ ಕಾಲದ ಹೆಸರುಗಳು, ಮುತ್ತಿಗೆ, ದಂಡಿನ ದಾರಿ ಏನಿದ್ದರೂ ಅದರ ಮೇಲೆ ಕೆಂಪು ಇಂಕಿನಲ್ಲಿ. ಹಾಳೆಯ ಮೇಲಂಚಿಗೆ ಮಾತ್ರ ಅಂಟಿಸಿ, ಎತ್ತಿ ನೋಡುವಂತಿರಲಿ. ಇಳಿಬಿಟ್ಟಾಗ ಊರು ಸರ್ಕಾರದ ಬಲೆಯೊಳಗೆ, ಎತ್ತಿದಾಗ ಊರಿನವರ ಕೈಯಲ್ಲಿ. ಗೋಡೆಗೆ ತೂಗುಹಾಕುವವರಿಗೆ ಇದು ತೊಡಕೆನಿಸಬಹುದು. ಆದರೂ ಎರಡು ಪದರವನ್ನು ಒಂದಕ್ಕೊಂದು ಬೆರೆಸದೆ, ಒಂದನ್ನೊಂದು ಮುಚ್ಚದೆ ತೋರಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಮೂಲೆಯ ಚಿತ್ರಕ್ಕೆ ರೆನೆಲ್ಲನ ಬ್ರಿಟಾನಿಯಾ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಯೋಚಿಸಿ. ಥಾಮಸ್ ಹಿಕಿ 1816ರಲ್ಲಿ ಬರೆದ ಮೆಕೆಂಜಿಯ ಭಾವಚಿತ್ರದಲ್ಲಿ ಕೆಂಪು ಕೋಟಿನ ಮೆಕೆಂಜಿಯ ಜೊತೆ ಮೂವರು ಭಾರತೀಯ ಸಹಾಯಕರಿದ್ದಾರೆ, ಹಿಂದೆ ಕಾರ್ಕಳದ ಗೊಮ್ಮಟ. ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಜೈನ ಪಂಡಿತ ಧರ್ಮಯ್ಯ ಇಂಥವರು ಓದಿ, ಕೇಳಿ, ನಕಲು ಮಾಡಿ ಕೊಡದಿದ್ದರೆ ಮೆಕೆಂಜಿಯ ಸಂಗ್ರಹವೇ ಇಲ್ಲ. ಚಿತ್ರದ ಹೆಸರು ಮಾತ್ರ ಒಬ್ಬನದು. ನಿಮ್ಮ ನಕ್ಷೆಯ ಮೂಲೆಯಲ್ಲಿ ಹೆಸರು ಹೇಳಿದವರು, ದಾರಿ ತೋರಿದವರು, ನೀರು ಕೊಟ್ಟು ಕೂರಿಸಿ ಮಾತಾಡಿದವರು ಇರಲಿ. ಅವರ ಒಪ್ಪಿಗೆ ಪಡೆದು ಹೆಸರು ಬರೆಯಿರಿ, ನಿಮ್ಮ ಹೆಸರು ಆ ಸಾಲಿನಲ್ಲೇ ಒಂದಾಗಲಿ.

ಹಂತ 9: ಊರ ಮುಂದೆ ಹರಡಿ

ಇಂಕು ಹಾಕುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನಕ್ಷೆಯನ್ನು ಅರಳಿಕಟ್ಟೆಯಲ್ಲೋ ಶಾಲೆಯ ಜಗಲಿಯಲ್ಲೋ ಹರಡಿ. ಜಗಳ ಬಂದರೆ ಒಳ್ಳೆಯದೇ. ಒಂದು ಜಾಗಕ್ಕೆ ಎರಡು ಹೆಸರು ಹೇಳಿದರೆ ಎರಡನ್ನೂ ಬರೆಯಿರಿ. ಜಮೀನಿನ ತಕರಾರಿಗೆ ಇದನ್ನು ಸಾಕ್ಷಿ ಮಾಡಬಾರದೆಂದು ಮೊದಲೇ ಹೇಳಿ, ಹಾಳೆಯ ಕೆಳಗೂ ಬರೆಯಿರಿ. ಇಲ್ಲಿ ಬದುಗಳ ಗೆರೆ ಕಣ್ಣಳತೆಯದು, ಕಾನೂನಿನ ಅಳತೆಗೆ ಸರ್ವೆ ಇಲಾಖೆಯ ಟಿಪ್ಪಣಿ (ಹೊಲದ ಅಳತೆಯ ಕೈನಕ್ಷೆ), ಆಕಾರಬಂದು (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ಇವೆ.

ಚಿತ್ರವೇ ಸಾಕ್ಷಿಯಾದದ್ದೂ ಉಂಟು, ಆದರೆ ಅದರ ಹಿಂದೆ ಒಂದು ಸಮುದಾಯವೇ ನಿಂತಿತ್ತು. ಪಶ್ಚಿಮ ಆಸ್ಟ್ರೇಲಿಯಾದ ಗ್ರೇಟ್ ಸ್ಯಾಂಡಿ ಮರುಭೂಮಿಯ ನುರಾರ ಜನ ತಮ್ಮ ನೆಲ ತಮ್ಮದೆಂದು ತೋರಿಸಲು 1997ರಲ್ಲಿ ಸುಮಾರು 8×10 ಮೀಟರಿನ ಬಟ್ಟೆಯ ಮೇಲೆ ಎಲ್ಲರೂ ಸೇರಿ ಚಿತ್ರ ಬರೆದರು. ಬ್ರಿಟಿಷರು ಆ ಖಂಡವನ್ನು ಯಾರದೂ ಅಲ್ಲದ ನೆಲವೆಂಬಂತೆ ನಡೆಸಿಕೊಂಡಿದ್ದರು. ವಿಚಾರಣೆಯಲ್ಲಿ ಹಿರಿಯರು ಒಬ್ಬೊಬ್ಬರೂ ಆ ಬಟ್ಟೆಯ ಮೇಲೆ ತಾವು ಬರೆದ ನೀರಿನೊರತೆಯ ಜಾಗದಲ್ಲಿ ನಿಂತು ತಮ್ಮ ಮಾತಿನಲ್ಲೇ ಹೇಳಿದರು. 2007ರಲ್ಲಿ ಅವರ ಹಕ್ಕಿಗೆ ಮಾನ್ಯತೆ ಸಿಕ್ಕಿತು. ಆ ಚಿತ್ರದಲ್ಲಿ ಪ್ರಮಾಣವಿಲ್ಲ, ಉತ್ತರದ ಬಾಣವಿಲ್ಲ; ಯಾವ ನೀರು ಯಾರದು ಎಂಬುದು ಇದೆ.

ಕಾನೂನಿನ ಮಾತು ಸ್ವಲ್ಪ. 2021ರ ಫೆಬ್ರವರಿಯ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಭಾರತೀಯರು ನಕ್ಷೆ ಮಾಡಲು ಮುಂಗಡ ಅನುಮತಿ ಬೇಕಿಲ್ಲ. ರಕ್ಷಣಾ ನೆಲೆಗಳಂಥ ಸೂಕ್ಷ್ಮ ವಿವರಗಳನ್ನು ಬಿಡಿ. ದೇಶದ ಗಡಿ ಬರುವುದಾದರೆ ಸರ್ವೇಕ್ಷಣಾ ಇಲಾಖೆಯ ಗಡಿಯನ್ನೇ ಹಾಕಿ.

ಮೂಲಪ್ರತಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಮೇಲುಹಾಳೆ ಹಾಕಿ ಒಂದು, ಹಾಕದೆ ಒಂದು. ಮುದ್ರಿತ ಪ್ರತಿಗಳು ಶಾಲೆಗೆ, ಪಂಚಾಯಿತಿ ಗ್ರಂಥಾಲಯಕ್ಕೆ, ಹೆಸರು ಹೇಳಿದ ಮನೆಗಳಿಗೆ ಹೋಗಲಿ. ಮೂಲವನ್ನು ಲ್ಯಾಮಿನೇಟ್ ಮಾಡಿಸಬೇಡಿ. ಚೌಕಟ್ಟು ಹಾಕಿಸುವುದಾದರೆ ಗಾಜು ಕಾಗದಕ್ಕೆ ತಾಗದಂತೆ ನಡುವೆ ಮೌಂಟ್ ಇರಲಿ, ನೇರ ಬಿಸಿಲು ಬೀಳದ ಗೋಡೆಗೆ ಹಾಕಿ. ಟಿಪ್ಪಣಿ ಪುಸ್ತಕ, ಮಾತಿನ ಧ್ವನಿಮುದ್ರಣಗಳನ್ನು ಕೇಳಿದ ದಿನಾಂಕದೊಡನೆ ನಕ್ಷೆಯ ಜೊತೆಗೇ ಇಡಿ. ಹಾಳೆಯ ಅಂಚಿನಲ್ಲಿ ನಾಲ್ಕು ಬೆರಳಗಲ ಖಾಲಿ ಬಿಟ್ಟು, ಅಲ್ಲಿ ಒಂದು ಪೆನ್ಸಿಲಿಗೆ ದಾರ ಕಟ್ಟಿ ತೂಗುಬಿಡಿ. ನೀವು ಕೇಳದೆ ಬಿಟ್ಟವರು ಅಲ್ಲಿ ಬರೆಯುತ್ತಾರೆ.